ಕೂಗದ ತವರ

ಬಿಳಿಗಲ್ಲುದುರ್ಗದಲ್ಲಿ ಬೆಳಗಿನ ಮೊದಲ ಬಿಸಿಲು ಬೀಳುತ್ತಿದ್ದುದು ಕಂಚುಗಾರರ ಕೇರಿಯ ಹೊಗೆಯ ಮೇಲೆ. ಬೆಟ್ಟದ ಪೂರ್ವದಂಚಿನಲ್ಲಿದ್ದ ಆ ಕೇರಿಯಿಂದ ತಿದಿಗಳ ಏದುಸಿರು, ಸುತ್ತಿಗೆಗಳ ಸದ್ದು, ಕಾದ ಪಾತ್ರೆಗೆ ನವಸಾಗರವೆಂಬ ಉಪ್ಪನ್ನು ಎರಚಿದಾಗ ಏಳುವ ಬಿಳಿಯ ಘಾಟು ಇವೆಲ್ಲ ಒಟ್ಟಾಗಿ ಎದ್ದು ಮೂರು ಸುತ್ತಿನ ಕೋಟೆಯನ್ನೂ ಎಚ್ಚರಿಸುತ್ತಿದ್ದವು. ಆನೆಬಾಗಿಲಿನಿಂದ ಪಟ್ಟದಾನೆ ಮೀಯಲು ಹೊರಡುತ್ತಿತ್ತು. ಪೇಟೆಬೀದಿಯಲ್ಲಿ ಹೂವಾಡಗಿತ್ತಿಯರು ಸೇವಂತಿಗೆಯ ರಾಶಿಗೆ ನೀರು ಚಿಮುಕಿಸುತ್ತಿದ್ದರು. ಬತೇರಿಯ ಮೇಲಿನ ಕಾವಲಿನವರು ಭರ್ಜಿಗೆ ಒರಗಿ ಆಕಳಿಸುತ್ತಿದ್ದರು. ಪರಸ್ಥಳದಿಂದ ಬಂದವರ ಕಣ್ಣಿಗೆ ಅದು ವೈಭವವೇ ಸರಿ. ಆದರೆ ಆ ವರ್ಷದ ಮಾಘಮಾಸದಲ್ಲಿ ಆ ವೈಭವದೊಳಗೆ ಯಾರಿಗೂ ನೆಮ್ಮದಿಯ ನಿದ್ದೆಯಿರಲಿಲ್ಲ, ಏಕೆಂದರೆ ಅರಸನಾದ ಗಾದಿಲಿಂಗ ನಾಯಕನಿಗೆ ಅನ್ನ ಸೇರುತ್ತಿರಲಿಲ್ಲ.

ನಲವತ್ತರ ಪ್ರಾಯದ, ಒಂದೇ ದಿನ ಮೂರು ಕುದುರೆಗಳನ್ನು ದಣಿಸಬಲ್ಲ ಆ ಅರಸನು ನಾಲ್ಕು ತಿಂಗಳಿಂದ ಹೊಟ್ಟೆಶೂಲೆಯಿಂದ ನರಳುತ್ತ, ಮುಖ ಬಿಳಿಚಿ, ಮೈ ಬಡವಾಗಿ, ದಿಂಬಿಗೆ ಒರಗಿಯೇ ರಾಜ್ಯವಾಳುತ್ತಿದ್ದನು. ವೈದ್ಯರು ಬಂದರು, ಕಷಾಯ ಕುಡಿಸಿದರು, ತಲೆಯಾಡಿಸಿಕೊಂಡು ಹೋದರು. ವೈದ್ಯರಿಗೆ ತಿಳಿಯದ ಕಾರಣವು ದಳವಾಯಿ ಜಂಬಣ್ಣನಿಗೆ ತಿಳಿದುಬಿಟ್ಟಿತು. ಅರಸನಿಗೆ ವಿಷ ಹಾಕಲಾಗುತ್ತಿದೆ, ಹಾಕುತ್ತಿರುವವಳು ಪಾಕಶಾಲೆಯ ಹಿರಿಯಳಾದ ಸಿದ್ಧವ್ವ ಎಂದು ಅವನು ಸಾರಿದನು. ಅರಸನ ತಮ್ಮ ಕೆಂಚಣ್ಣ ನಾಯಕನಿಗೆ ಎಳವೆಯಲ್ಲಿ ಹಾಲೂಡಿಸಿ ಬೆಳೆಸಿದವಳು ಈ ಸಿದ್ಧವ್ವ. ಅವಳು ವಿಷವಿಕ್ಕಿದಳೆಂದರೆ ಯಾರಿಗಾಗಿ ಇಕ್ಕಿದಳೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಿರಿಯರಸಿ ದಳವಾಯಿಯ ಮಗಳು. ಅವಳ ಕೂಸಿಗೆ ಎರಡು ವರ್ಷ. ಆ ಕೂಸಿಗೂ ಸಿಂಹಾಸನಕ್ಕೂ ನಡುವೆ ನಿಂತಿದ್ದವನು ಕೆಂಚಣ್ಣನೊಬ್ಬನೇ.

ಸಿದ್ಧವ್ವನನ್ನು ಸೆರೆಮನೆಗೆ ಹಾಕಿ ಒಂಬತ್ತು ದಿನಗಳಾಗಿದ್ದವು. ಹತ್ತನೆಯ ದಿನ ವಿಚಾರಣೆ. ತಪ್ಪು ಸ್ಥಿರವಾದರೆ ಅಂದೇ ಅವಳನ್ನು ಕೋಳಿಬಂಡೆಯ ಮೇಲಿನಿಂದ ಕೆಳಕ್ಕೆ ನೂಕುವುದೆಂದು ಗೊತ್ತಾಗಿತ್ತು. ಪ್ರಧಾನ ವೆಂಕೋಬರಾಯರಿಗೆ ಅವಳು ನಿರಪರಾಧಿಯೆಂದು ಗೊತ್ತು. ಮೂವತ್ತೆರಡು ವರ್ಷ ಪ್ರಧಾನಿಕೆ ಮಾಡಿದ ಆ ವೃದ್ಧರಿಗೆ ಇನ್ನೂ ಒಂದು ವಿಷಯ ಗೊತ್ತು: ಅರಮನೆಯಲ್ಲಿ ಸತ್ಯವನ್ನು ಅರಿಯುವುದು ಸುಲಭ, ಅದನ್ನು ಸಭೆಯಲ್ಲಿ ತೋರಿಸುವುದರೊಳಗೆ ಆಯುಷ್ಯ ಮುಗಿದುಹೋಗುತ್ತದೆ. ಅವರು ಇತ್ತೀಚೆಗೆ ಪಲ್ಲಕ್ಕಿಯಿಂದಿಳಿಯುವಾಗಲೆಲ್ಲ ಒಂದು ಗಳಿಗೆ ಹಾಗೆಯೇ ಕುಳಿತಿರುತ್ತಿದ್ದರು. ಇಳಿಯಲು ಮನಸ್ಸೇ ಬರುತ್ತಿರಲಿಲ್ಲ.

ಸಿದ್ಧವ್ವನ ಬಾಯಲ್ಲಿದ್ದ ಸಮರ್ಥನೆ ಒಂದೇ. "ಪಾತ್ರಿ ಕೆಟ್ಟಿರಬೇಕು, ನನ್ನ ಕೈ ಕೆಟ್ಟಿಲ್ಲ" ಎಂದು ಅವಳು ಮೊದಲ ದಿನದಿಂದಲೂ ಹೇಳುತ್ತಿದ್ದಳು. ತಾಮ್ರದ ಪಾತ್ರೆಯಲ್ಲಿ ಹುಣಿಸೆಹುಳಿ ಇಟ್ಟರೆ ಹಸಿರು ಕಿಲುಬು ಏಳುತ್ತದೆ, ಆ ಕಿಲುಬು ಹೊಟ್ಟೆಗೆ ಹೋದರೆ ವಿಷ ಎಂಬುದನ್ನು ಅಡುಗೆಮನೆಯ ಹೊಸ್ತಿಲು ದಾಟಿದ ಯಾವ ಹೆಣ್ಣುಮಗಳೂ ಬಲ್ಲಳು. ಅದಕ್ಕಾಗಿಯೇ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕಿಸುವುದು. ಅರಸನಿಗೋ ಹುಳಿಸಾರಿಲ್ಲದೆ ಅನ್ನವಿಳಿಯದು, ಅದೂ ಹಿಂದಿನ ದಿನ ಮಾಡಿಟ್ಟು ಚೆನ್ನಾಗಿ ಹುಳಿ ಹಿಡಿದ ಸಾರೇ ಆಗಬೇಕು. ಆದರೆ ಪಾತ್ರೆಗಳನ್ನು ತಂದು ನೋಡಿದರೆ ಒಂದರಲ್ಲೂ ಹಸಿರಿನ ಸುಳಿವಿರಲಿಲ್ಲ. ಒಳಗೆಲ್ಲ ಬೆಳ್ಳಿಯಂತೆ ಥಳಥಳಿಸುತ್ತಿತ್ತು. ಆಗ ದಳವಾಯಿ ನಕ್ಕಿದ್ದನು.

ಆ ಕಲಾಯಿ ಹಾಕಿದವನು ದಾವಲಸಾಬ. ಅರಮನೆಯ ನೂರಹತ್ತು ಪಾತ್ರೆಗಳಿಗೆ ಎರಡು ತಿಂಗಳಿಗೊಮ್ಮೆ ಕಲಾಯಿ ಹಾಕುವುದು ಅವನಿಗೆ ತಾತನ ಕಾಲದಿಂದ ಬಂದ ಹಕ್ಕು. ಇಟ್ಟಿಗೆಪುಡಿಯಿಂದ ಪಾತ್ರೆಯನ್ನುಜ್ಜಿ, ಕೆಂಡದ ಮೇಲೆ ಕಾಯಿಸಿ, ನವಸಾಗರ ಎರಚಿ, ತವರದ ಕಡ್ಡಿಯನ್ನು ತೀಡಿ, ಕರಗಿದ ತವರವನ್ನು ಅರಳೆಯಿಂದ ಒಂದೇ ಸುತ್ತಿನಲ್ಲಿ ಒಳಗೆಲ್ಲ ಹರಡಿಬಿಡುತ್ತಿದ್ದನು; ನೋಡನೋಡುತ್ತಿದ್ದಂತೆ ಕೆಂಪು ಪಾತ್ರೆ ಬಿಳುಪಾಗುತ್ತಿತ್ತು. ತವರ ಅಪ್ಪಟವೋ ಬೆರಕೆಯೋ ಎಂದು ತಿಳಿಯಲು ಅವನ ಮನೆತನದ ಪರೀಕ್ಷೆಯೊಂದಿತ್ತು. ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಬೇಕು. ಅಪ್ಪಟ ತವರ ಬಾಗುವಾಗ ಚರಚರನೆ ಸದ್ದು ಮಾಡುತ್ತದೆ. ಕಲಾಯಿಯವರು ಅದನ್ನು ತವರದ ಕೂಗು ಎನ್ನುತ್ತಾರೆ. ಸೀಸ ಕೂಗುವುದಿಲ್ಲ. ಎಷ್ಟು ಬಗ್ಗಿಸಿದರೂ ಬಾಯಿ ಮುಚ್ಚಿಕೊಂಡೇ ಬಾಗುತ್ತದೆ.

ದಾವಲಸಾಬನ ಕಿವಿ ಮಂದವಾಗಿ ಮೂರು ವರ್ಷವಾಗಿತ್ತು. ಅದು ಅವನ ಹೆಂಡತಿಗೊಬ್ಬಳಿಗೇ ಗೊತ್ತು. ಕಿವುಡನಾದ ಕಲಾಯಿಗಾರನಿಗೆ ಅರಮನೆಯ ಹಕ್ಕು ಉಳಿಯುವುದುಂಟೇ? ಯಾರು ಏನು ಹೇಳಿದರೂ ಅವನು ತುಟಿಯನ್ನು ನೋಡಿ, ತಿಳಿದಷ್ಟು ತಿಳಿದು, ತಿಳಿಯದಿದ್ದಲ್ಲಿ ಹೂಂಗುಟ್ಟಿ ತಲೆಯಾಡಿಸುತ್ತಿದ್ದನು. ಕಡ್ಡಿಯನ್ನು ಕಿವಿಯ ಬಳಿ ಬಗ್ಗಿಸುವ ರೂಢಿಯನ್ನು ಮಾತ್ರ ಬಿಟ್ಟಿರಲಿಲ್ಲ. ಬಗ್ಗಿಸುವನು, ಕೂಗಿರಬೇಕು ಎಂದುಕೊಳ್ಳುವನು, ಕೆಲಸಕ್ಕೆ ತೊಡಗುವನು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ಅವನೂ ಲೋಕಕ್ಕೆ ತಿಳಿಯದೆಂದುಕೊಂಡು ಕಾಲ ತಳ್ಳುತ್ತಿದ್ದನು. ಹೊಟ್ಟೆಪಾಡಿನವನ ಈ ಸಣ್ಣ ಮೋಸವನ್ನು ಕಂಡು ಕೋಪ ಮಾಡಿಕೊಳ್ಳಲು ನನಗಂತೂ ಮನಸ್ಸು ಬಾರದು.

ವಿಚಾರಣೆಯ ಹಿಂದಿನ ದಿನ ದಳವಾಯಿ ತಾನೇ ಅವನ ಮನೆಗೆ ಬಂದನು. ಸುತ್ತ ನಾಲ್ಕು ಕುಲುಮೆಗಳು ಮೊರೆಯುತ್ತಿದ್ದವು. ಜಂಬಣ್ಣನು ಅವನ ಹೆಗಲ ಮೇಲೆ ಕೈಯಿಟ್ಟು, ಮೆಲುದನಿಯಲ್ಲಿ, "ನಾಳೆ ಸಭೆಗೆ ತವರದ ಕಡ್ಡಿಗಳನ್ನು ತೆಗೆದುಕೊಂಡು ಬಾ. ಕಲಾಯಿ ನಿರ್ದುಷ್ಟವಾಗಿದೆಯೆಂದು ಒಂದೇ ಮಾತು ಹೇಳು. ಹೇಳಿದರೆ ಕೆರೆಯ ಕೆಳಗಿನ ಗದ್ದೆ ನಿನ್ನದು. ಹೆಚ್ಚಿಗೆ ಒಂದಕ್ಷರವಾಡಿದರೆ ನಿನ್ನ ವಂಶದಲ್ಲಿ ದೀಪ ಹಚ್ಚುವವರಿರುವುದಿಲ್ಲ" ಎಂದನು.

ದಾವಲಸಾಬನಿಗೆ ಅವನ ತುಟಿಗಳಲ್ಲಿ ಸಭೆ ಕಂಡಿತು, ತವರ ಕಂಡಿತು, ಕಲಾಯಿ ಕಂಡಿತು. ಗದ್ದೆಯೂ ಕಾಣಲಿಲ್ಲ, ವಂಶವೂ ಕಾಣಲಿಲ್ಲ. ರೂಢಿಯಂತೆ ತಲೆಯಾಡಿಸಿದನು. ದಳವಾಯಿ ತೃಪ್ತನಾಗಿ ಹಿಂದಿರುಗಿದನು. ಪಿತೂರಿ ಮಾಡುವವರು ಶೂರರಿಗೆ ಹೆದರುತ್ತಾರೆ, ಪಂಡಿತರಿಗೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದುದು ಕಿವುಡರಿಗೆ.

ಮರುದಿನ ಸಭೆ ಕೂಡಿತು. ಅರಸನು ದಿಂಬುಗಳ ನಡುವೆ ಕುಳಿತಿದ್ದನು. ಬಲಕ್ಕೆ ಪ್ರಧಾನರು, ಎಡಕ್ಕೆ ದಳವಾಯಿ. ಕಂಬದ ಬಳಿ, ಇಬ್ಬರು ಭಟರ ನಡುವೆ, ನರೆತ ಕೂದಲು ಕೆದರಿದ ಸಿದ್ಧವ್ವ. ಆಚೆ ಕಂಬದ ಬಳಿ ಕೆಂಚಣ್ಣ ನಾಯಕನು ಕತ್ತಿಯಿಲ್ಲದ ಸೊಂಟದೊಡನೆ ನಿಂತಿದ್ದನು. ಕತ್ತಿಯನ್ನು ದಳವಾಯಿ ಮೊದಲೇ ಬಿಚ್ಚಿಸಿದ್ದನು.

"ಸಿದ್ಧವ್ವ, ನಿನ್ನ ಮಾತೇನು?" ಎಂದು ವೆಂಕೋಬರಾಯರು ಕೇಳಿದರು.

"ಒಂಬತ್ತು ದಿನ ಅದನ್ನೇ ಹೇಳೀನಿ ಬುದ್ಧಿ. ಇನ್ನ ಹೇಳಾಕ ನನಗೂ ಬ್ಯಾಸರಾಗೇತಿ" ಎಂದಳು ಆಕೆ. "ನಾ ಉಣಿಸಿ ದೊಡ್ಡವರನ್ನ ಮಾಡಿದ ಮನಿ ಇದು. ನೂಕೂದಿದ್ರ ಲಗೂನ ನೂಕ್ರಿ."

"ಪ್ರಭುಗಳು ಚಿತ್ತವಿಟ್ಟು ಕೇಳಬೇಕು" ಎಂದು ದಳವಾಯಿ ಎದ್ದನು. "ಪಾತ್ರೆ ಕೆಟ್ಟಿದೆಯೆಂಬುದು ಇವಳ ಕೊನೆಯ ಆಸರೆ. ಅದನ್ನೂ ಪರೀಕ್ಷಿಸಿಬಿಡೋಣ. ದಾವಲಸಾಬ, ನೀನು ಹಾಕಿದ ಕಲಾಯಿ ನಿರ್ದುಷ್ಟವೋ ಅಲ್ಲವೋ?"

ದಾವಲಸಾಬ ದಳವಾಯಿಯ ಕಡೆಗೆ ನೋಡುತ್ತಲೇ ಇರಲಿಲ್ಲ. ಅದೇ ಕ್ಷಣದಲ್ಲಿ ಅರಸನು ತಟ್ಟೆಯಿಂದ ವೀಳ್ಯದೆಲೆಯೊಂದನ್ನು ಎತ್ತಲು ಹೋಗಿದ್ದನು. ತೋಳು ಎದ್ದಿತು, ಹಸ್ತ ಏಳಲಿಲ್ಲ. ಮಣಿಕಟ್ಟಿನಿಂದ ಕೆಳಗೆ ಅದು ಜೋತುಬಿದ್ದು, ಎಲೆ ಜಾರಿ ಹಾಸಿನ ಮೇಲೆ ಬಿದ್ದಿತು. ಉಳಿದವರು ಮರ್ಯಾದೆಗಾಗಿ ಕಣ್ಣು ಹೊರಳಿಸಿದರು. ದಾವಲಸಾಬ ಹೊರಳಿಸಲಿಲ್ಲ. ಎರಡು ತಿಂಗಳಿಂದ ತನ್ನ ಬಲಗೈಯೂ ಹೀಗೆಯೇ ಜೋಲುತ್ತಿತ್ತು, ಮುಪ್ಪು ಎಂದುಕೊಂಡಿದ್ದನು. ಅರಸನಿಗೆ ಅವನಿಗಿಂತ ಇಪ್ಪತ್ತೈದು ವರ್ಷ ಚಿಕ್ಕ ಪ್ರಾಯ.

ಸೀಸ ಮೈಗೆ ಸೇರಿದವರ ಕೈ ಹೀಗೆ ಜೋಲುತ್ತದೆ, ಒಸಡು ನೀಲಿಯಾಗುತ್ತದೆ ಎಂದು ತಾತ ಹೇಳಿದ್ದು ಮುದುಕನಿಗೆ ನೆನಪಾಯಿತು. ತಾನು ಏನನ್ನು ಮಾಡಿದ್ದೇನೆಂಬುದು ಅವನಿಗೆ ಒಮ್ಮೆಗೇ ತಿಳಿಯಿತು. ಅದನ್ನು ಹೇಳಿದರೆ ತನಗೇನಾಗುವುದೆಂಬುದೂ ತಿಳಿಯಿತು. ಹೇಳದಿದ್ದರೆ ಕಂಬದ ಬಳಿಯಲ್ಲಿರುವವಳು ಸಂಜೆಯೊಳಗೆ ಬಂಡೆಯ ಕೆಳಗಿರುತ್ತಾಳೆ. ಅವನು ಅರಸನ ಎದುರಿಗೆ ನಾಲ್ಕು ಹೆಜ್ಜೆ ನಡೆದು ಬಂದನು. ಭಟರು ಭರ್ಜಿ ಅಡ್ಡ ಹಿಡಿದರು.

"ಖಾವಂದರ, ಒಮ್ಮೆ ಬಾಯಿ ತೆರೀರಿ" ಎಂದು ಅವನು ಕಿವುಡರ ಗಟ್ಟಿ ದನಿಯಲ್ಲಿ ಕೂಗಿದನು. ಸಭೆ ದಂಗಾಯಿತು. "ನಿಮ್ಮ ಒಸಡಿನ ಮ್ಯಾಲ, ಹಲ್ಲಿನ ಬುಡಕ್ಕ, ನೀಲಿ ಗೆರಿ ಐತೇನು ನೋಡಬೇಕು. ನನಗೈತಿ." ಎಂದವನೇ ತುಟಿಯನ್ನೆತ್ತಿ ತೋರಿಸಿದನು. ಹಲ್ಲುಗಳ ಬುಡದಗುಂಟ ಮಸಿಯ ಗೆರೆಯೆಳೆದಂತೆ ನೀಲಿ ಮೂಡಿತ್ತು.

"ಇವನಿಗೆ ಬುದ್ಧಿಭ್ರಮಣೆಯಾಗಿದೆ, ಎಳೆದೊಯ್ಯಿರಿ!" ಎಂದನು ದಳವಾಯಿ.

ವೆಂಕೋಬರಾಯರು ಎದ್ದು ನಿಂತಿದ್ದರು. "ಪ್ರಭುಗಳ ಅಪ್ಪಣೆಯಾದರೆ" ಎಂದು ಅರಸನ ಬಳಿ ಬಾಗಿ, ಮಗುವಿನ ಬಾಯಿ ನೋಡುವ ಹಾಗೆ ನೋಡಿದರು. "ಇದೆ" ಎಂದರು. "ಅದೇ ಗೆರೆ."

"ಸಿದ್ಧವ್ವನ ಅಡುಗಿ ನಾ ಒಂದು ತುತ್ತೂ ಉಂಡಿಲ್ಲ" ಎಂದನು ದಾವಲಸಾಬ. "ಖಾವಂದರ ಬ್ಯಾನಿ ನನಗ್ಯಾಕ ಬಂತು? ನಮ್ಮಿಬ್ಬರಿಗೂ ಕೂಡಿದ್ದು ಒಂದೇ, ಈ ಕಲಾಯಿ. ನಾ ಅದರ ಹೊಗಿ ಕುಡದೆ, ಖಾವಂದರು ಅದರಾಗಿನ ಹುಳಿ ಉಂಡ್ರು." ಅವನು ಚೀಲದಿಂದ ಎರಡು ಕಡ್ಡಿಗಳನ್ನು ತೆಗೆದನು. "ಇದು ಹೋದ ವರ್ಷದ್ದು, ತುಂಡು ಉಳದಿತ್ತು. ಇದು ದಸರಾಕ್ಕಿಂತ ಮೊದಲ ಆಯುಧಶಾಲಿಯಿಂದ ಬಂದದ್ದು. ನಾ ಬಗ್ಗಸ್ತೀನಿ. ಕೂಗಿತೋ ಇಲ್ಲೋ ನೀವು ಕೇಳಿ ಹೇಳ್ರಿ. ನನಗ ಕಿವಿ ಕೇಳಂಗಿಲ್ಲ. ಮೂರು ವರ್ಷಾತು. ಮುಚ್ಚಿಟ್ಟಿದ್ದೆ."

ಸೋತ ಬಲಗೈಗೆ ಎಡಗೈಯ ಆಸರೆ ಕೊಟ್ಟು ಅವನು ಹಳೆಯ ಕಡ್ಡಿಯನ್ನು ಪ್ರಧಾನರ ಕಿವಿಯ ಬಳಿ ಬಗ್ಗಿಸಿದನು. ಬಗ್ಗಿಸುತ್ತ ಅವರ ಮುಖವನ್ನೇ ನೋಡುತ್ತಿದ್ದನು. ವೆಂಕೋಬರಾಯರ ಹುಬ್ಬು ಮೇಲೆದ್ದಿತು. ಹತ್ತಿರದ ಭಟನೂ ಕತ್ತು ಹೊರಳಿಸಿದನು. ಅನಂತರ ಹೊಸ ಕಡ್ಡಿ. ಅದನ್ನು ಬಗ್ಗಿಸಿದನು, ತಿರುಚಿದನು, ಮಡಿಚಿಯೇಬಿಟ್ಟನು. ಪ್ರಧಾನರ ಮುಖದಲ್ಲಿ ಏನೂ ಅಲುಗಲಿಲ್ಲ. ಅದನ್ನು ಕಂಡು ಮುದುಕನ ಕಣ್ಣಿನಲ್ಲಿ ನೀರು ಬಂದಿತು. ಅವನು ತಲೆಯ ರುಮಾಲನ್ನು ಬಿಚ್ಚಿ ಅದರ ಬಿಳಿಯ ಬಟ್ಟೆಯ ಮೇಲೆ ಎರಡು ಕಡ್ಡಿಗಳನ್ನೂ ಉಜ್ಜಿ ಹಿಡಿದನು; ಹಳೆಯದು ಗುರುತು ಬಿಡಲಿಲ್ಲ, ಹೊಸದು ಕಪ್ಪನೆಯ ಗೀಟೆಳೆದಿತ್ತು.

"ಸೀಸ" ಎಂದನು. "ಅರ್ಧಕ್ಕಿಂತ ಹೆಚ್ಚು ಸೀಸ. ಕಿಲುಬು ಹಸಿರು ತೋರಿಸಿ ಹೆದರಸ್ತೈತಿ. ಇದು ಬೆಳ್ಳಗ ಹೊಳಕೋತ ಕೊಲ್ತೈತಿ."

ವೆಂಕೋಬರಾಯರು ನಿಧಾನವಾಗಿ ದಳವಾಯಿಯ ಕಡೆಗೆ ತಿರುಗಿದರು. "ಗೋವೆಯ ಬಂದರಿನಿಂದ ತರಿಸಿದ ತವರ ನಿಮ್ಮ ಆಯುಧಶಾಲೆಗೆ ಬಂದಿತ್ತು, ಜಂಬಣ್ಣನವರೇ. ಅದೆಲ್ಲಿ ಹೋಯಿತು?"

ದಳವಾಯಿ ಹೆಮ್ಮೆಯಿಂದಲೇ ಉತ್ತರಿಸಿದನು. ಮುದುಕನ ಮಾತನ್ನು ಹುಚ್ಚೆಂದು ತಳ್ಳಿಹಾಕಿದ್ದ ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. "ಹೊಸ ಫಿರಂಗಿಗೆ ಹೋಯಿತು. ತಾಮ್ರಕ್ಕೆ ತವರ ಕೂಡದೆ ಕಂಚಾಗುವುದುಂಟೇ? ಅಡುಗೆಮನೆಗೆ ಗುಂಡು ಎರೆಯುವ ಸೀಸವನ್ನು ಬೆರೆಸಿ ಕಳಿಸಿದೆ. ಸಾರಿನ ಪಾತ್ರೆಗೆ ಯಾವ ಲೋಹವಾದರೇನು?" ಎಂದು ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖದ ಬಣ್ಣ ಇಳಿಯಿತು.

ಅವನು ವಿಷವಿಕ್ಕಿದವನಲ್ಲ. ಅಷ್ಟರಮಟ್ಟಿಗೆ ಅವನಿಗೆ ನ್ಯಾಯ ಸಲ್ಲಿಸಬೇಕು. ಅಜ್ಞಾನದಿಂದ ಅರಸನನ್ನು ಕಾಯಿಲೆಗೆ ಕೆಡವಿ, ಆ ಕಾಯಿಲೆಯನ್ನು ಜ್ಞಾನಪೂರ್ವಕವಾಗಿ ಬಳಸಿಕೊಂಡನು. ಲೋಕದ ಬಹಳ ಅನರ್ಥಗಳು ಹೀಗೆಯೇ ನಡೆಯುತ್ತವೆ. ಮೂವತ್ತೆರಡು ವರ್ಷ ಅವುಗಳನ್ನು ನೋಡಿದ್ದ ವೆಂಕೋಬರಾಯರಿಗೆ ಆಗ ಜಯದ ಸಂತೋಷವೂ ಆಗಲಿಲ್ಲ. ಕುಳಿತುಕೊಳ್ಳಬೇಕೆನಿಸಿತು, ಕುಳಿತರು.

ದಳವಾಯಿ ಮಾತ್ರ ಕೊನೆಯ ಬಾಣ ಬಿಟ್ಟನು. "ಶಾಸನವಿದೆ! ಅರಿಯದೆಯಾದರೂ ಅರಸನ ಅನ್ನಕ್ಕೆ ವಿಷ ಸೇರಿಸಿದವನ ಬಲಗೈ ಕಡಿಯಬೇಕು. ತವರ ಪರೀಕ್ಷಿಸಬೇಕಾದವನು ಇವನು. ತಾನೇ ಒಪ್ಪಿಕೊಂಡಿದ್ದಾನೆ!"

ದಾವಲಸಾಬನಿಗೆ ಅದು ಕೇಳಿಸಲಿಲ್ಲ. ಆದರೆ ದಳವಾಯಿಯ ಬೆರಳು ತನ್ನ ಕೈಯ ಕಡೆಗೆ ಚಾಚಿದ್ದನ್ನು ಕಂಡನು. ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಬಲಗೈಯನ್ನು ಅರಸನ ಮುಂದೆ ನೀಡಿದನು. ಹಸ್ತ ಮಣಿಕಟ್ಟಿನಿಂದ ಕೆಳಕ್ಕೆ ಜೋಲಿತು.

"ತಪ್ಪು ನಂದ ಐತಿ ಖಾವಂದರ. ಆಕೀನ್ನ ಬಿಡ್ರಿ."

ಗಾದಿಲಿಂಗ ನಾಯಕನು ಬಹಳ ಹೊತ್ತು ಆ ಕೈಯನ್ನು ನೋಡಿದನು. ಆಮೇಲೆ ತನ್ನ ಬಲಗೈಯನ್ನು ಅದರ ಪಕ್ಕದಲ್ಲಿ ನೀಡಿದನು. ವಜ್ರದುಂಗುರದ ಕೈ, ಸುಟ್ಟ ಕಲೆಗಳ ಕೈ. ಎರಡೂ ಒಂದೇ ರೀತಿ ಜೋತುಬಿದ್ದಿದ್ದವು.

"ಶಾಸನದ ಮಾತು ಮುಗಿಯಿತು, ದಳವಾಯಿಗಳೇ" ಎಂದು ಅರಸನು ದಣಿದ ದನಿಯಲ್ಲಿ ಹೇಳಿದನು. "ಈ ಕೈಗೆ ಆಗಬೇಕಾದ ಶಿಕ್ಷೆ ಆಗಿಹೋಗಿದೆ. ನಮ್ಮದಕ್ಕೂ ಆಗಿದೆ, ಒಂಬತ್ತು ದಿನ ತಾಯಿಯಂಥವಳನ್ನು ಸೆರೆಯಲ್ಲಿಟ್ಟದ್ದಕ್ಕೆ. ನಿಮ್ಮ ಮುದ್ರೆಯುಂಗುರವನ್ನು ಪ್ರಧಾನರ ಕೈಯಲ್ಲಿಡಿ. ಕೆಂಚಣ್ಣನ ಕತ್ತಿಯನ್ನು ಅವನಿಗೆ ಕೊಡಿಸಿ. ಸೂರ್ಯಾಸ್ತದೊಳಗೆ ಗಡಿ ದಾಟಿ."

ಅಂದಿನಿಂದ ಅರಸನ ಅಡುಗೆ ಮಣ್ಣಿನ ಗಡಿಗೆಗಳಲ್ಲಾಯಿತು. ನೂರಹತ್ತು ಪಾತ್ರೆಗಳ ಹಳೆಯ ಕಲಾಯಿಯನ್ನು ಕೆರೆದು ತೆಗೆದು ಹೊಸದನ್ನು ಹಾಕಲು ದಾವಲಸಾಬನಿಗೆ ಇಪ್ಪತ್ತು ದಿನ ಹಿಡಿಯಿತು. ಅಷ್ಟು ದಿನವೂ ಸಿದ್ಧವ್ವ ಕುಲುಮೆಯ ಬಳಿ ಕುಳಿತು, ಒಂದೊಂದು ಕಡ್ಡಿಯನ್ನೂ ತನ್ನ ಕಿವಿಯ ಬಳಿ ಬಗ್ಗಿಸಿ, ಕೂಗಿದರೆ ಅವನತ್ತ ನೋಡಿ ಕೈಯೆತ್ತುತ್ತಿದ್ದಳು. ಮೊದಲ ಮೂರು ದಿನ ಅವಳು ಅವನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅವನಿಗೆ ಎರಡು ರೊಟ್ಟಿ ಕಟ್ಟಿಕೊಂಡು ಬಂದಳು.

ಯುಗಾದಿಯ ಹೊತ್ತಿಗೆ ಅರಸನ ಹೊಟ್ಟೆನೋವು ನಿಂತಿತು. ಮಳೆಗಾಲ ಮುಗಿಯುವುದರೊಳಗೆ ಕೈ ಮೇಲೆದ್ದು, ಅವನು ಮತ್ತೆ ಕುದುರೆಯ ಲಗಾಮು ಹಿಡಿದನು. ಅರವತ್ತೈದರ ದಾವಲಸಾಬನ ಕೈ ಮತ್ತೆ ಏಳಲಿಲ್ಲ. ಅರಮನೆಯ ವೈದ್ಯರು ಎಣ್ಣೆ ಕಳಿಸಿಕೊಟ್ಟರೆ ಅವನು ಅದನ್ನು ಹಿಂದಕ್ಕೆ ಕಳಿಸುತ್ತಿದ್ದನು. ಶಾಸನ ಬೇಡಿದ ಕೈ ಅದು, ಕೊಟ್ಟಾಗಿದೆ, ಕೊಟ್ಟದ್ದನ್ನು ಮರಳಿ ಬೇಡಬಾರದು ಎಂದು ಹೇಳುತ್ತಿದ್ದನಂತೆ.