ಪಕ್ಕೀರವ್ವ ಮುಂಬಾಗಿಲಿಗೆ ಬಂದಳು

“ಅತ್ತಿ, ಆ ಮನಿಗೆ ಹೋಗಬೇಕಂದ್ರ ನನ್ನ ತುಳದು ಹೋಗು!”

ಬಾಗಿಲಿಗೆ ಅಡ್ಡ ಕುಳಿತ ಸೊಸೆ ಗಾಳೆಮ್ಮನ ಕಣ್ಣುಗಳು ಕೆಂಡವಾಗಿದ್ದವು. ಗೌಡರ ಆಳು ಹನಮಪ್ಪ ದೂರದಲ್ಲೇ ನಿಂತು ಅರಚುತ್ತಿದ್ದ: “ಪಕ್ಕೀರವ್ವಾ, ಲಗೂನ ಬಾ! ಗೌಡ್ರ ಸೊಸಿಗೆ ಬ್ಯಾನಿ ಬಂದಾವ, ಕೂಸು ಅಡ್ಡಾಗೈತಿ!”

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಇರಕಲ್ಲಗಡದ ಬಳಿಯ ಆ ಹಳ್ಳಿಗೆ ಹೊಲಗೇರಿಯ ಪಕ್ಕೀರವ್ವನೇ ಸೂಲಗಿತ್ತಿ. ಗೌಡರ ಮನೆಯ ಮಕ್ಕಳೆಲ್ಲ ಬಿದ್ದದ್ದು ಆಕೆಯ ಅಂಗೈಗೆ. ಆದರೂ ಹಿತ್ತಲಿಂದ ಹೋಗಿ ಹಿತ್ತಲಿಂದಲೇ ಬರಬೇಕು. ಆಕೆ ಕುಳಿತ ನೆಲವನ್ನು ಆಮೇಲೆ ಸೆಗಣಿಯಿಂದ ಸಾರಿಸುತ್ತಿದ್ದರು. ಅಂದು ಮುಂಜಾನೆ ಅತ್ತೆ ಸೊಸೆ ಊರ ಬಾವಿಯ ಬಳಿ, ಯಾರಾದರೂ ನೀರು ಹಾಕಿಯಾರೆಂದು ಕಾಯುತ್ತಿದ್ದಾಗ, ಪಕ್ಕೀರವ್ವನೇ ಹೆರಿಗೆ ಮಾಡಿಸಿದ್ದ ಗೌಡರ ಮೊಮ್ಮಗ “ಏ ಮುದುಕಿ, ದೂರ ಸರಿ!” ಎಂದು ಆಕೆಯ ಕೊಡದೊಳಗೆ ಉಗುಳಿದ್ದ. ಎಲ್ಲರೂ ನಕ್ಕರು. ಪಕ್ಕೀರವ್ವನೂ ನಕ್ಕಿದ್ದಳು!

“ಸಣ್ಣ ಹುಡುಗ... ಅಷ್ಟಕ್ಕ ಇಷ್ಟ್ಯಾಕ ಸಿಟ್ಟವ್ವಾ? ನುಂಗಿಕೋ,” ಎಂದಳು ಪಕ್ಕೀರವ್ವ, ಬಾಗಿಲಲ್ಲಿ ಕುಳಿತ ಸೊಸೆಗೆ.

“ನುಂಗು, ನುಂಗು! ಒಮ್ಮೆರ ಏನಾತಂತ ಕೇಳೀಯೇನು ನೀನು?”

ಹೊರಗಿನ ಕೂಗು ಕೇಳುತ್ತಲೇ ಇತ್ತು. ಆದರೂ ಪಕ್ಕೀರವ್ವ ಸೊಸೆಯೆದುರು ನೆಲಕ್ಕೆ ಕುಳಿತಳು. “ಹೇಳು. ಕೇಳತೀನಿ.”

“ಬಾವಿ ಕಡೆ ಕಾಯ್ಕೋತ ನಿಂತಾಗ ನನ್ನ ಎದಿಹಾಲು ಸೀರ್ಯಾಗ ಸೋರತೈತಿ, ಕೂಸು ಮನ್ಯಾಗ ಅಳತಿರತೈತಿ. ಅಂಗಡ್ಯಾವ ಉಪ್ಪು ಮ್ಯಾಲಿಂದ ಒಗೀತಾನ. ನನಗೊಂದು ಹೆಸರೈತಿ, ಯಾರೂ ಕರಿಯಂಗಿಲ್ಲ. ಒಂದೊಂದೂ ಸಣ್ಣದ ಅತ್ತಿ... ದಿನಾ ಚುಚ್ಚಿದ ಮುಳ್ಳು ಎಲ್ಲೆಲ್ಲೆ ಅಂತ ತೋರಸ್ಲಿ? ಇವತ್ತ ನೀನೂ ನಕ್ಕಿ! ಅವರ ಮನ್ಯಾಗೂ ಒಂದಿನ ಅಳಲಿ!”

ಮುದುಕಿ ಸೊಸೆಯ ಕೈ ಹಿಡಿದಳು. “ಅದು ನಗಿ ಅಲ್ಲವ್ವಾ... ಹಲ್ಲು ಕಚ್ಚಿ ಕಚ್ಚಿ ನನ್ನ ಮಾರಿ ಹಂಗ ಆಗೈತಿ. ನೀ ಬಾಯಿ ತಗದ್ರ ನಂದೂ ತಗದೀತಂತ ಅಂಜಿ ನಿನ್ನ ಬಾಯಿ ಮುಚ್ಚಿಸಿದೆ...” ಆಕೆ ಕಣ್ಣೊರೆಸಿಕೊಂಡು ಎದ್ದಳು. “ಕೊಡ ತಗೋ. ಇಬ್ಬರೂ ಹೋಗೂಣು.”

ಗೌಡರ ಮುಂಬಾಗಿಲಲ್ಲೇ ನಿಂತಳು ಪಕ್ಕೀರವ್ವ. “ಹಿತ್ತಲದಿಂದ ಬರಂಗಿಲ್ರಿ. ನನ್ನ ಸೊಸಿ ಊರ ಬಾವ್ಯಾಗ ತನ್ನ ಕೈಲೇ ನೀರು ಸೇದಬೇಕು. ಆ ನೀರಾಗ ಕೈ ತೊಳಕೊಂಡ ಮುಟ್ಟತೀನಿ.”

“ಬಾವಿ ಮೈಲಿಗಿ ಆಗತೈತಿ!” ಗೌಡತಿ ಚೀರಿದಳು.

“ಹಂಗಾರ ಕಾಯ್ರಿ. ನಮಗ ಕಾಯೂದು ರೂಢಿ ಐತಿ. ನಿಮ್ಮ ಸೊಸಿಗೆ ಐತೇನು ಕೇಳ್ರಿ!”

ಒಳಗಿನಿಂದ ಎದೆ ಸೀಳುವ ಕೂಗು! ಗೌಡತಿ ಕುಸಿದು ಕೈಮುಗಿದಳು. ಗೌಡ ಮುಖ ತಿರುಗಿಸಿ, “ಸೇದಲಿ” ಎಂದ. ಊರೆಲ್ಲ ನೋಡುತ್ತಿರಲು ಗಾಳೆಮ್ಮ ಹಗ್ಗ ಎಳೆದಳು. ಆ ಮನೆಯ ಕಣ್ಣೀರನ್ನು ನಿಂತು ನೋಡಬೇಕೆಂದಿದ್ದಳು... ಇನ್ನೊಂದು ಕೂಗು ಕೇಳಿದ್ದೇ ತಡ, ಕೊಡ ಹೊತ್ತು ಓಡಿದಳು. ಪಕ್ಕೀರವ್ವ ಆ ನೀರಲ್ಲಿ ಕೈ ತೊಳೆದು ಮುಂಬಾಗಿಲಿಂದಲೇ ಒಳಹೊಕ್ಕಳು; ತಾಯಿ, ಕೂಸು ಇಬ್ಬರೂ ಉಳಿದರು.

ಗೌಡ ಮಾತ್ರ ಮರೆಯಲಿಲ್ಲ. ಮರುದಿನವೇ ಬಾವಿಯನ್ನು ಶುದ್ಧಿ ಮಾಡಿಸಿದ. ಪಕ್ಕೀರವ್ವನ ಮನೆಯವರು ಊರು ಬಿಡುವ ತನಕ ಇಡೀ ಕೇರಿಗೆ ಹನಿ ನೀರಿಲ್ಲವೆಂದು ಡಂಗುರ ಸಾರಿಸಿದ. ಕೇರಿಯ ಮಕ್ಕಳು ಒಣಗಬಾರದೆಂದು ಪಕ್ಕೀರವ್ವ ತಾನೇ ಗಂಟು ಕಟ್ಟಿದಳು. ಗಂಗಾವತಿಯ ಗದ್ದೆಗಳಲ್ಲಿ ಕೂಲಿ ಸಿಗುತ್ತದೆಂದು ಮಗ ಹುಚ್ಚೀರಪ್ಪ ಮುಂದೆ ನಡೆದ.

“ನನ್ನ ಸಿಟ್ಟು ಮನಿ ಕೆಡಿಸಿತಲ್ಲ ಅತ್ತಿ...” ಗಾಳೆಮ್ಮ ಬಿಕ್ಕಿದಳು.

ಪಕ್ಕೀರವ್ವ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡಳು.

“ನಿನ್ನದಷ್ಟ ಅಲ್ಲವ್ವಾ. ನನ್ನ ಹೊಟ್ಟ್ಯಾಗೂ ಭಾಳ ದಿನದಿಂದ ಇತ್ತು. ಹೆರಿಗಿ ಮಾಡಿಸಿದಾಕಿ ನೀನು.”