ಗಾಳಿಗೆ ಎದೆಯೊಡ್ಡಿದವನ ಬೆನ್ನು

"ಲೋವಿ ವೆರ್ಲಿಂಡೆನನ್ನ ನೀವೆಲ್ಲ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದೀರಿ. ಅಷ್ಟು ದೊಡ್ಡವನೇನಲ್ಲ ಅವನು."

ಗ್ರೀತ್ ಈ ಮಾತು ಹೇಳಿದ್ದು ಖಾಲಿ ಬಿಯರ್ ಕ್ರೇಟ್ ಮೇಲೆ ನಿಂತು. ಹೇಳಿದ್ದು ಎಲ್ಲಿ ಅಂತೀರಿ? ಲೋವಿಯ ಅಭಿಮಾನಿ ಸಂಘದ ಕೆಫೆಯಲ್ಲೇ! ಅವಳ ಬೆನ್ನ ಹಿಂದಿನ ಗೋಡೆ ತುಂಬ ಅವನದೇ ಫೋಟೊ, ಅವನದೇ ಬಾವುಟ. ಆ ಕೆಫೆಯ ಒಡತಿ ಬೇರೆ ಯಾರೂ ಅಲ್ಲ, ಅವಳೇ.

ಸೈಕಲ್ ರೇಸಿನ ಹುಚ್ಚಿರುವ ಫ್ಲಾಂಡರ್ಸ್ ಸೀಮೆಯಲ್ಲಿ ಹೆಸರು ಮಾಡಿದ ಸೈಕಲ್ ಸವಾರನಿಗೆಲ್ಲ ಅವನ ಊರಲ್ಲೊಂದು ಕೆಫೆ ಇರುತ್ತದೆ. ಸಂಘದವರು ಅಲ್ಲೇ ಕುಡಿಯುತ್ತಾರೆ, ಅಲ್ಲಿಂದಲೇ ಬಸ್ಸು ಹತ್ತಿ ರೇಸಿಗೆ ಹೋಗುತ್ತಾರೆ, ಸೋತರೆ ಅಲ್ಲೇ ಬಂದು ಅಳುತ್ತಾರೆ. ಗ್ರೀತ್‌ಳ 'ತೆರ್ ಬೀಕ್' ಕೆಫೆ ಲೋವಿಯ ಪಾಲಿಗೆ ಬಂದಿತ್ತು. ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಭಾನುವಾರದ ರೇಸಿನ ಕಾವು ಆರುವ ಮೊದಲೇ, ಸೋಮವಾರ ಸಂಜೆ, ನೆಲಕ್ಕೊಂದು ಕ್ರೇಟ್ ಬೀಳುತ್ತಿತ್ತು. ಯಾವನೋ ಹೆಸರಾಂತ ಆಟಗಾರ ತನ್ನ ಹೆಸರಿಗಿಂತ ಸಣ್ಣವನು ಎಂದು ವಾದಿಸುವವರು ಅದನ್ನು ಹತ್ತಬೇಕು. ಹತ್ತಿದವರಿಗೆ ಯಾರೂ ಅಡ್ಡಬಾಯಿ ಹಾಕುವಂತಿಲ್ಲ. ಎದುರು ಹೇಳುವವರು ಅವರು ಇಳಿದ ಮೇಲೆ ತಾವೂ ಹತ್ತಿಯೇ ಹೇಳಬೇಕು. ಒಂದು ಸಲಕ್ಕೆ ಒಬ್ಬರೇ.

ಫುಟ್‌ಬಾಲ್ ಆಡುವವರು, ಟೆನಿಸ್ ಆಡುವವರು, ಪಕ್ಕದೂರಿನ ಸೈಕಲ್ ವೀರರು... ಎಲ್ಲರ ಮಾನ ಆ ಕ್ರೇಟ್ ಮೇಲೆ ಹರಾಜಾಗಿತ್ತು. ಲೋವಿಯ ಹೆಸರನ್ನು ಮಾತ್ರ ಇದುವರೆಗೆ ಯಾರೂ ಎತ್ತಿರಲಿಲ್ಲ.

"ಕೊನೇ ಐದು ನಿಮಿಷ ಎಲ್ಲರೂ ನೋಡ್ತೀರಿ," ಗ್ರೀತ್ ಮುಂದುವರಿಸಿದಳು. "ಅದಕ್ಕೆ ಮುಂಚೆ ಐದು ಗಂಟೆ ಅವನ ಮುಂದೆ ಗಾಳಿ ಸೀಳ್ಕೊಂಡು ಹೋಗೋನು ಯಾರು? ಅವನದೇ ತಂಡದ ಕಾರ್ನೀಲ್ ಬೋಸ್. ಲೋವಿ ಅವನ ಬೆನ್ನ ಹಿಂದೆ ಹಾಯಾಗಿ ಕೂತಿರ್ತಾನೆ. ಗೆಲುವಿನ ಗೆರೆ ಹತ್ರ ಬಂತು ಅಂದ್ರೆ ಕಾರ್ನೀಲ್ ಪಕ್ಕಕ್ಕೆ ಸರೀತಾನೆ, ಕ್ಯಾಮೆರಾ ಲೋವಿ ಜೊತೆ ಹೋಗತ್ತೆ. ಈಗ ಮೂರು ವಾರದಿಂದ ಕಾರ್ನೀಲ್ ರೇಸಲ್ಲೇ ಇಲ್ಲ. ಲೋವಿ ಎಷ್ಟನೆಯವನಾಗಿ ಬಂದ? ಬಾಯಿಬಿಟ್ಟು ಹೇಳಿ ನೋಡೋಣ. ಮಳೆ ಅಂದ್ರಿ, ಚಕ್ರ ಸರಿಯಿಲ್ಲ ಅಂದ್ರಿ. ಕಾರ್ನೀಲ್ ಎಲ್ಲಿ ಹೋದ ಅಂತ ಒಬ್ಬರಾದ್ರೂ ಕೇಳಿದ್ರಾ?"

ಸಂಘದ ಅಧ್ಯಕ್ಷ ಓದೀಲ್, ಊರಿನ ಮುದಿ ಕಟುಕ, ಕೈಯಲ್ಲಿದ್ದ ಲೋಟವನ್ನು ಬಾಯಿಗೂ ಒಯ್ಯದೆ ಮೇಜಿಗೂ ಇಡದೆ ಕೂತಿದ್ದ.

"ತಪ್ಪು."

ಬಾಗಿಲ ಬಳಿಯಿಂದ ಬಂದ ದನಿ ಅದು. ಎಲ್ಲರೂ ತಿರುಗಿ ನೋಡಿದರು. ಉದ್ದ ಕೋಟು, ಕೈಯಲ್ಲೊಂದು ಊರುಗೋಲು, ಬಡಕಲು ಮುಖ, ನಿದ್ದೆಗೆಟ್ಟ ಬೂದು ಕಣ್ಣು. ಯಾರೂ ನೋಡಿರದ ಆಳು.

ಗ್ರೀತ್ ಆ ಕಣ್ಣುಗಳನ್ನೇ ನೋಡಿದಳು. ಎದೆ ಯಾಕೋ ಒಂದು ಬಡಿತ ತಪ್ಪಿತು. ಅದಕ್ಕೇ ಅವಳ ಸಿಟ್ಟು ಇನ್ನೂ ಏರಿತು.

"ಬಾಗಿಲಲ್ಲಿ ನಿಂತು ಕೂಗೋದಲ್ಲ. ಧೈರ್ಯ ಇದ್ರೆ ಹತ್ತಿ ಹೇಳಿ."

ಅವನು ಕುಂಟುತ್ತ ಬಂದ. ಅವಳು ಇಳಿದಳು, ಅವನು ಹತ್ತಿದ.

"ಲೋವಿ ನಿಜವಾಗ್ಲೂ ದೊಡ್ಡ ಸವಾರ," ಎಂದ ಮೆಲ್ಲಗೆ. "ನೀವು ತಲೆ ಮೇಲೆ ಹೊತ್ಕೊಂಡಿರೋ ಆ ಕಾರ್ನೀಲ್ ಇದಾನಲ್ಲ, ಅವನಿಗೇ ಹೊಗಳಿಕೆ ಜಾಸ್ತಿಯಾಯ್ತು. ಗಾಳಿ ಸೀಳೋಕೆ ಎತ್ತಿನಂಥ ಕಾಲು ಸಾಕು. ಅವನಿಲ್ದಿದ್ರೆ ಇನ್ನೊಬ್ಬ ಎತ್ತು."

"ಎತ್ತಾ? ಅವನ ರೇಸ್ ಯಾವತ್ತಾದ್ರೂ ನೋಡಿದ್ದೀರಾ ನೀವು?"

"ನೀವು ಅವನ ಮುಖ ಯಾವತ್ತಾದ್ರೂ ನೋಡಿದ್ದೀರಾ?"

"ಹೆಲ್ಮೆಟ್ಟು, ಕಪ್ಪು ಕನ್ನಡಕ, ಮುಖದ ತುಂಬ ಕೆಸರು. ಮುಖ ಕಟ್ಕೊಂಡು ಏನ್ ಮಾಡ್ಲಿ? ಅವನ ಬೆನ್ನು ನಂಗೆ ಗೊತ್ತು. ಎದುರುಗಾಳಿ ಬಂದ್ರೆ ಎಡ ಮೊಣಕೈ ಹೊರಕ್ಕೆ ಚಾಚ್ತಾನೆ, ಹಿಂದಿರೋನಿಗೆ ಇನ್ನಷ್ಟು ಆಸರೆ ಸಿಗ್ಲಿ ಅಂತ. ಸಾವಿರ ಜನರ ಮಧ್ಯೆ ಆ ಬೆನ್ನನ್ನ ಗುರುತು ಹಿಡೀತೀನಿ."

ಅವನು ಕ್ರೇಟಿನಿಂದ ಇಳಿದ.

ಬೆನ್ನು ಗುರುತು ಹಿಡಿಯುವ ಜಾಣೆ ಎದುರಿಗೆ ನಿಂತ ಮುಖವನ್ನು ಗುರುತು ಹಿಡಿಯದೆ ಹೋದಳು. ಅವನೇ ಕಾರ್ನೀಲ್ ಬೋಸ್. ಮೊಣಕಾಲು ಕೆಟ್ಟು, ಚಿಕಿತ್ಸೆಗೆಂದು ಆ ಊರಲ್ಲಿ ಕೋಣೆ ಹಿಡಿದಿದ್ದ. ಬಿಸಿಯಾಗಿ ಏನಾದರೂ ಕುಡಿಯೋಣ ಅಂತ ಕೆಫೆಯ ಬಾಗಿಲು ತಳ್ಳಿದರೆ, ಒಳಗೆ ಹೆಣ್ಣೊಬ್ಬಳು ತನ್ನ ಹೆಸರು ಹಿಡಿದು ಊರನ್ನೇ ಎದುರು ಹಾಕಿಕೊಂಡಿದ್ದಾಳೆ!

'ನಾನೇ ಅವನು ಅಂತ ಹೇಳಿದ್ರೆ ಇವಳು ನನ್ನ ಮುಖ ನೋಡ್ತಾಳೆ. ಕುಂಟುಗಾಲು ನೋಡ್ತಾಳೆ. ಇಷ್ಟೇನಾ ಇವನು ಅಂತಾಳೆ...'

ಅದಕ್ಕೇ ಅವನು ಸುಮ್ಮನಿದ್ದ.

* * *

ಮುಂದಿನ ಸೋಮವಾರವೂ ಬಂದ. ಅದರ ಮುಂದಿನ ಸೋಮವಾರವೂ ಬಂದ. ಆಮೇಲೆ ಸೋಮವಾರಕ್ಕೆ ಕಾಯುವುದನ್ನೇ ಬಿಟ್ಟು ದಿನಾ ಮಧ್ಯಾಹ್ನ ಬರತೊಡಗಿದ. ಎಲ್ಲರೂ ಬಿಯರ್ ಕುಡಿಯುವ ಜಾಗದಲ್ಲಿ ಅವನು ಕೇಳುತ್ತಿದ್ದದ್ದು ಒಂದೇ, ಬಿಸಿ ಚಾಕೊಲೇಟ್.

"ಬಂದ್ರು ನೋಡಿ ಚಾಕೊಲೇಟ್ ಸಾಹೇಬ್ರು," ಎನ್ನುತ್ತಿದ್ದಳು ಗ್ರೀತ್. "ಇವತ್ತು ಯಾರನ್ನ ಬೈಯೋಣ?"

"ನಿಮ್ಮ ಕಾರ್ನೀಲ್‌ನ."

"ಅವನನ್ನ ಬಿಟ್ಟು."

"ಹಾಗಿದ್ರೆ ನಂಗೆ ಮಾತೇ ಇಲ್ಲ."

ಅವಳು ನಗುತ್ತಿದ್ದಳು. ಅವನ ಹೆಸರೇನು ಅಂತ ಕೇಳಲೇ ಇಲ್ಲ. ಸಾಹೇಬರಿಗೆ ಹೆಸರು ಯಾಕೆ? ಜಗಳದ ನಡುವೆ ಅವನು ಲೋಟ ತೊಳೆದುಕೊಡುತ್ತಿದ್ದ. ಅವಳು ಸುಸ್ತಾದ ದಿನ ಕೇಳದೆಯೇ ಕುರ್ಚಿ ಎಳೆದು ಕೊಡುತ್ತಿದ್ದ. ಒಂದು ಮಧ್ಯಾಹ್ನ ಆಲೂಗಡ್ಡೆ ಹೆಚ್ಚುತ್ತ ಗ್ರೀತ್‌ಗೆ ಥಟ್ಟನೆ ಹೊಳೆಯಿತು. ಗಡಿಯಾರ ನೋಡುತ್ತಿದ್ದಾಳೆ ತಾನು, ಅವನು ಬರುವ ಹೊತ್ತಾಯಿತಾ ಅಂತ.

'ಅಯ್ಯೋ ದೇವರೇ... ನನ್ನ ಕಾರ್ನೀಲ್‌ನ ಎತ್ತು ಅಂದವನ ಮೇಲೇನಾ ನಂಗೆ ಮನಸ್ಸಾಗಿದ್ದು?'

ಅಷ್ಟರಲ್ಲಿ ಓದೀಲ್ ಬಂದ. ಏಪ್ರನ್ ಬಿಚ್ಚದೆ ಅಂಗಡಿಯಿಂದ ಸೀದಾ ಬಂದಿದ್ದ.

"ನೋಡಮ್ಮ ಗ್ರೀತ್, ನಿನ್ನ ಚಿಕ್ಕಂದಿನಿಂದ ನೋಡಿದ್ದೀನಿ, ಅದಕ್ಕೇ ಇಷ್ಟು ದಿನ ತಾಳ್ಕೊಂಡೆ. ಬರೋ ಸೋಮವಾರ ಲೋವಿ ಬರ್ತಾನೆ. ಅವನ ಎದುರಿಗೆ ಕ್ರೇಟ್ ಹತ್ತಿ ತಪ್ಪಾಯ್ತು ಅಂತ ಹೇಳು. ಇಲ್ದಿದ್ರೆ ಸಂಘ ಚರ್ಚ್ ಪಕ್ಕದ ಕೆಫೆಗೆ ಹೋಗತ್ತೆ. ಬಾವುಟ, ಬಸ್ಸು, ಎಲ್ಲಾ."

"ಕ್ರೇಟ್ ಮೇಲಿನ ಮಾತಿಗೆ ಮುನಿಸಿಲ್ಲ ಅಂತ ನಿಯಮ ಮಾಡಿದ್ದು ನಿಮ್ಮಪ್ಪ, ಓದೀಲ್."

"ನಮ್ಮಪ್ಪನ ಕಾಲದಲ್ಲಿ ಲೋವಿ ಹುಟ್ಟಿರ್ಲಿಲ್ಲ," ಎಂದ ಮುದುಕ. ಬಂದ ಹಾಗೇ ಹೋದ.

ಗ್ರೀತ್ ಗೋಡೆ ನೋಡಿದಳು. ಸಂಘ ಹೋದರೆ ಕೆಫೆಯಲ್ಲಿ ಉಳಿಯುವುದೇನು? ಚಳಿಗಾಲದಲ್ಲಿ ಒಬ್ಬ ಗಿರಾಕಿಯೂ ಇಣುಕುವುದಿಲ್ಲ. ಸೋದರತ್ತೆ ಕೈಯಾರೆ ಕಟ್ಟಿ ಅವಳಿಗೆ ಬಿಟ್ಟುಹೋದ ಜಾಗ ಅದು.

ಸ್ವಲ್ಪ ಹೊತ್ತಿಗೆ ಚಾಕೊಲೇಟ್ ಸಾಹೇಬರು ಬಂದರು. ಅವತ್ತು ಕೈಯಲ್ಲಿ ಊರುಗೋಲಿರಲಿಲ್ಲ. ಅವಳು ಎಲ್ಲ ಹೇಳಿಕೊಂಡಳು. ಅವನ ಮುಖ ಬಿಳಿಚಿತು.

"ತಪ್ಪಾಯ್ತು ಅಂದ್ಬಿಡಿ," ಎಂದ.

"ಏನಂದ್ರಿ?"

"ಒಂದು ಮಾತು ತಾನೆ? ಆ ಕಾರ್ನೀಲ್‌ಗೋಸ್ಕರ ಕೆಫೆ ಕಳ್ಕೋಬೇಡಿ ಗ್ರೀತ್. ಅಷ್ಟು ಬೆಲೆ ಬಾಳೋನಲ್ಲ ಅವನು. ನಂಗೆ ಗೊತ್ತು."

ಅವಳ ಕಣ್ಣು ತುಂಬಿಬಂತು. ಇಡೀ ಊರು ಬಾಗು ಅಂದಾಗ ಬಾರದ ಅಳು, ಇವನೊಬ್ಬ ಬಾಗು ಅಂದಾಗ ಬಂತು.

"ನೀವೊಬ್ರಾದ್ರೂ ನನ್ನ ಪಕ್ಕ ನಿಲ್ತೀರಿ ಅಂದ್ಕೊಂಡಿದ್ದೆ... ಹೋಗಿ. ಇನ್ನು ಬರಬೇಡಿ."

"ಗ್ರೀತ್, ನಾನು ಹೇಳೋದನ್ನ ಒಂದ್ಸಲ..."

"ಹೋಗಿ ಅಂದೆ."

ಅವನು ಹೋದ. ಅವಳು ಕಣ್ಣೊರೆಸಿಕೊಂಡು ಕಿಟಕಿಯ ಹತ್ತಿರ ಬಂದಳು. ಮೊಣಕಾಲು ವಾಸಿಯಾಗಿ ಅವತ್ತು ಮೊದಲ ಸಲ ಅವನು ಸೈಕಲ್ಲಲ್ಲಿ ಬಂದಿದ್ದ. ಕೆಫೆಯ ಎದುರಿನ ಕಲ್ಲುಹಾಸಿನ ಏರು ಹತ್ತತೊಡಗಿದ. ಮೇಲಿನ ಹೊಲಗಳಿಂದ ಎದುರುಗಾಳಿ ಬೀಸುತ್ತಿತ್ತು. ಅವನು ಸೊಂಟ ಬಗ್ಗಿಸಿದ. ಎಡ ಮೊಣಕೈ ಹೊರಕ್ಕೆ ಚಾಚಿಕೊಂಡಿತು.

ಹಿಂದೆ ಯಾರೂ ಇರಲಿಲ್ಲ. ಆದರೂ ಆ ಮೊಣಕೈ ಯಾರಿಗೋ ಆಸರೆ ಕೊಡಲು ಚಾಚಿತ್ತು.

ಗ್ರೀತ್‌ಳ ಕೈ ಕಿಟಕಿಯ ಗಾಜಿನ ಮೇಲೇ ಉಳಿಯಿತು.

'ಅವನೇ... ಇಷ್ಟು ದಿನ ನನ್ನೆದುರಿಗೆ ಕೂತು ಚಾಕೊಲೇಟ್ ಕುಡಿದಿದ್ದು ಅವನೇ!'

ಮೊದಲು ಖುಷಿ ಉಕ್ಕಿತು. ಅದರ ಬೆನ್ನಿಗೇ ನಾಚಿಕೆ. ಬೆನ್ನು ಗೊತ್ತು, ಮೊಣಕೈ ಗೊತ್ತು ಅಂತ ಅವನೆದುರಿಗೇ ಬಡಬಡಿಸಿದ್ದಳಲ್ಲ! ಎಷ್ಟು ನಕ್ಕಿರಬೇಕು ಒಳಗೊಳಗೇ. ಆಮೇಲೆ ಬಂದದ್ದು ಕೆಟ್ಟ ಅನುಮಾನ. ಕಾರ್ನೀಲ್ ಲೋವಿಯ ತಂಡದ ಆಳು. ಕ್ಷಮೆ ಕೇಳು ಅಂದವನೂ ಅವನೇ. 'ನನ್ನನ್ನ ಕ್ರೇಟಿಂದ ಇಳಿಸೋಕೆ ಲೋವಿನೇ ಇವನನ್ನ ಕಳಿಸಿದ್ನಾ?'

ಆ ಯೋಚನೆಗೆ ಅವಳ ಕಣ್ಣೀರು ಒಣಗಿತು. ಬೆನ್ನು ನೆಟ್ಟಗಾಯಿತು.

* * *

ಸೋಮವಾರ ಕೆಫೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಮೇಜಿನಲ್ಲಿ ಲೋವಿ, ಹೊಳೆಯುವ ಕೂದಲು, ಟೀವಿಯ ನಗು. ಪಕ್ಕದಲ್ಲಿ ಓದೀಲ್, ಹಬ್ಬದ ಕೋಟು ತೊಟ್ಟು.

ಗ್ರೀತ್ ಕ್ರೇಟ್ ಹತ್ತಿದಳು.

"ನನ್ನಿಂದ ಒಂದು ತಪ್ಪಾಗಿದೆ, ಒಪ್ಕೋತೀನಿ."

ಓದೀಲ್ ಉಸಿರು ಬಿಟ್ಟ. ಲೋವಿ ದೊಡ್ಡ ಮನಸ್ಸಿನವನಂತೆ ತಲೆದೂಗಿದ.

"ಕಾರ್ನೀಲ್ ಬೋಸ್‌ನ ನಾನೂ ಅತಿಯಾಗಿ ಹೊಗಳಿದೆ. ಐದು ಗಂಟೆ ಗಾಳಿಗೆ ಎದೆಯೊಡ್ಡೋನಿಗೆ, ಒಂದು ಹೆಣ್ಣಿನ ಎದುರಿಗೆ ತನ್ನ ಹೆಸರು ಹೇಳೋ ಧೈರ್ಯ ಇಲ್ಲ. ತಪ್ಪಾಯ್ತು ಅನ್ನು ಅಂತ ನನ್ನ ಹತ್ರ ಅವನನ್ನ ಕಳಿಸಿದ್ದು ಯಾರೋ ಏನೋ. ಆ ಹೊಗಳಿಕೆನ ವಾಪಸ್ ತಗೋತೀನಿ. ಲೋವಿ ವಿಷಯದಲ್ಲಿ ಹೇಳಿದ್ದರಲ್ಲಿ ಒಂದಕ್ಷರಾನೂ ವಾಪಸ್ ತಗೊಳಲ್ಲ. ಅವನು ನಿಜವಾಗ್ಲೂ ಅಷ್ಟು ದೊಡ್ಡವನಾಗಿದ್ರೆ, ನನ್ನೊಬ್ಬಳ ಮಾತಿಗೆ ನೀವೆಲ್ಲ ಯಾಕೆ ಹೆದರ್ತೀರಿ? ಬಾವುಟ ಬಿಚ್ಕೊಂಡು ಹೋಗಿ. ಏಣಿ ಹಿತ್ತಲಲ್ಲಿದೆ."

"ತಪ್ಪು."

ಅದೇ ಬಾಗಿಲು, ಅದೇ ದನಿ.

ಕಾರ್ನೀಲ್ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಲೋವಿ ಅರ್ಧ ಎದ್ದ. "ಕಾರ್ನೀಲ್? ನೀನೇನೋ ಇಲ್ಲಿ?"

ಆ ಹೆಸರು ಕೇಳಿ ಓದೀಲ್‌ನ ಬಾಯಿ ತೆರೆದುಕೊಂಡಿತು. ತಿಂಗಳಿಡೀ ಪಕ್ಕದ ಮೇಜಿನಲ್ಲಿ ಕೂತಿದ್ದವನು!

ಕಾರ್ನೀಲ್ ನೇರವಾಗಿ ಬಂದು, ಗ್ರೀತ್ ಇಳಿಯುವ ಮೊದಲೇ, ಅದೇ ಕ್ರೇಟ್ ಹತ್ತಿ ಅವಳ ಪಕ್ಕ ನಿಂತ. ಇಬ್ಬರಿಗೆ ಅಲ್ಲಿ ಜಾಗವಿರಲಿಲ್ಲ. ಬೀಳದಿರಲು ಅವಳು ಅವನ ತೋಳು ಹಿಡಿಯಲೇಬೇಕಾಯಿತು.

"ಒಬ್ಬರೇ ನಿಲ್ಲಬೇಕು!" ಓದೀಲ್ ಕೂಗಿದ.

"ಒಬ್ಬಳೇ ನಿಂತಿದ್ದು ಸಾಕು," ಎಂದ ಕಾರ್ನೀಲ್. "ನನ್ನ ಹೆಸರು ಕಾರ್ನೀಲ್ ಬೋಸ್. ಹೇಳೋಕೆ ಹೆದರಿದ್ದು ನಿಜ. ಗೆಲುವಿನ ಗೆರೆ ಹತ್ರ ನನ್ನ ಹೆಸರನ್ನ ಯಾರೂ ಯಾವತ್ತೂ ಕೂಗಿಲ್ಲ. ಅಷ್ಟೊತ್ತಿಗೆ ನಾನು ಎಲ್ಲೋ ಹಿಂದೆ ಉಳಿದಿರ್ತೀನಿ. ಮೊದಲ ಸಲ ಆ ಹೆಸರನ್ನ ಯಾರಾದ್ರೂ ಎದೆ ತಟ್ಕೊಂಡು ಹೇಳಿದ್ದು ಇಲ್ಲಿ, ಈ ಕ್ರೇಟ್ ಮೇಲೆ. ಅದು ನಂದೇ ಹೆಸರು ಅಂತ ನಂಬೋಕೆ ನಂಗಿಷ್ಟು ದಿನ ಹಿಡೀತು."

ಅವನು ಅವಳ ಕಡೆ ತಿರುಗಿದ. ದನಿ ತಗ್ಗಿತು.

"ನನ್ನನ್ನ ಯಾರೂ ಕಳಿಸಿಲ್ಲ ಗ್ರೀತ್. ಕ್ಷಮೆ ಕೇಳು ಅಂದಿದ್ದು, ನನ್ನಿಂದ ನಿನಗೆ ನಷ್ಟ ಆಗ್ಬಾರ್ದು ಅಂತ. ಯಾರಾದ್ರೂ ನನ್ನ ಮುಂದೆ ನಿಂತು ಗಾಳಿ ತಡೆದ್ರೆ ಹೇಗಿರ್ಬೇಕು ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಗ್ರೀತ್ ಹಿಡಿದ ತೋಳನ್ನು ಬಿಡಲಿಲ್ಲ.

"ಲೋವಿ," ಕಾರ್ನೀಲ್ ಮುಂದಿನ ಮೇಜಿನತ್ತ ನೋಡಿದ. "ಭಾನುವಾರ ನಾನು ರೇಸಿಗೆ ವಾಪಸ್ ಬರ್ತಿದ್ದೀನಿ. ನಿನ್ನ ಮುಂದೆ ಅಲ್ಲ. ನನ್ನ ಪಾಡಿಗೆ ನಾನು ಓಡಿಸ್ತೀನಿ ಅಂತ ತಂಡಕ್ಕೆ ಹೇಳಾಯ್ತು. ಕೆಲಸದಿಂದ ತೆಗೆದ್ರೆ ತೆಗೀಲಿ. ಸೋತ್ರೆ ನನ್ನ ಸೋಲು."

ಲೋವಿಯ ಟೀವಿ ನಗು ಎಲ್ಲೋ ಮಾಯವಾಗಿತ್ತು. ಅವನು ಕೋಟು ಎತ್ತಿಕೊಂಡು ಹೊರಟ. ಬಾಗಿಲಲ್ಲಿ ಮಾತ್ರ ಒಮ್ಮೆ ತಿರುಗಿ ನೋಡಿದ. ನೋಡಿದ್ದು ಕಾರ್ನೀಲ್‌ನ ಬೆನ್ನನ್ನು.

ಓದೀಲ್ ಹಟ ಬಿಡಲಿಲ್ಲ. ಹಿತ್ತಲಿಂದ ಏಣಿ ಬಂತು. ಬಾವುಟ ಇಳಿಯಿತು, ಫೋಟೊ ಇಳಿಯಿತು. ಎಲ್ಲರೂ ಹೊತ್ತುಕೊಂಡು ಚರ್ಚ್ ಕಡೆ ನಡೆದರು. ಕೆಫೆಯಲ್ಲಿ ಇಬ್ಬರೇ ಉಳಿದರು. ಗೋಡೆಯ ಮೇಲೆ ಫೋಟೊ ಇದ್ದಲ್ಲೆಲ್ಲ ಬಿಳಿ ಚೌಕಗಳು.

ಗ್ರೀತ್ ಹಾಲು ಬಿಸಿಗಿಟ್ಟಳು.

"ನಿನ್ನ ಕೆಫೆ ಬರಿದಾಯ್ತಲ್ಲ," ಎಂದ ಕಾರ್ನೀಲ್, ದನಿಯಲ್ಲಿ ನೋವು. "ನನ್ನಿಂದ."

"ಬಾಗಿಲು ತೆರೆದೇ ಇದೆ. ಕ್ರೇಟೂ ಇಲ್ಲೇ ಇದೆ. ಬರೋರು ಬರ್ತಾರೆ." ಅವಳು ಲೋಟವನ್ನು ಅವನ ಮುಂದಿಟ್ಟಳು. "ಮೊದಲ ಗಿರಾಕಿ ಆಗ್ಲೇ ಬಂದಿದ್ದಾನೆ."

"ಹೋಗು ಅಂದಿದ್ದೆ ನೀನು. ಇನ್ನು ಬರಬೇಡ ಅಂದಿದ್ದೆ."

"ಅದು ಹೆಸರಿಲ್ಲದವನಿಗೆ ಹೇಳಿದ್ದು."

ಅವನು ನಕ್ಕ. ಲೋಟ ಮುಟ್ಟದೆ ಅವಳ ಕೈ ಮುಟ್ಟಿದ. ಅವಳು ಕೈ ಹಿಂದಕ್ಕೆಳೆಯಲಿಲ್ಲ.

"ಗೋಡೆಗೆ ಇನ್ನೇನು ಹಾಕ್ತೀಯ?"

"ನಿನ್ನ ಬೆನ್ನಿನ ಫೋಟೊ. ಮೊಣಕೈ ಕಾಣೋ ಹಾಗೆ."

"ಬೆನ್ನಾ? ಇಷ್ಟು ಕಷ್ಟಪಟ್ಟು ಮುಖ ತೋರಿಸಿದ್ದೀನಿ ಗ್ರೀತ್. ಮುಖದ ಫೋಟೊ ಬೇಡ್ವಾ?"

ಗ್ರೀತ್ ಆ ನಿದ್ದೆಗೆಟ್ಟ ಬೂದು ಕಣ್ಣುಗಳನ್ನು ಹತ್ತಿರದಿಂದ, ನಿಧಾನವಾಗಿ ನೋಡಿದಳು.

"ಮುಖಕ್ಕೆ ಫೋಟೊ ಯಾಕೆ?" ಎಂದಳು. "ಇನ್ಮೇಲೆ ದಿನಾ ಬೆಳಿಗ್ಗೆ ಎದ್ದ ತಕ್ಷಣ ನೋಡ್ತೀನಲ್ಲ."