ಕುಂಬಳಕಾಯಿಗೆ ಸೀಟಿಲ್ಲ

ಆ ರವಿವಾರ ಬೆಳಿಗ್ಗೆ ನವನಗರದ ಮೇಲೆ ದಟ್ಟ ಮಂಜು ಇಳಿದಿತ್ತು. ಎದುರು ಮನೆಯ ನೀರಿನ ಟ್ಯಾಂಕ್ ಕೂಡ ಕಾಣುತ್ತಿರಲಿಲ್ಲ. ಹೊಸ ಗಾಡಿಯ ಗಾಜುಗಳೆಲ್ಲ ಒದ್ದೆಯಾಗಿದ್ದವು. ಹಿಂದಿನ ಗಾಜಿನ ಮೇಲೆ ನೋಯೆಲ್ ಬೆರಳಿನಿಂದ ತನ್ನ ಹೆಸರು ಬರೆಯುತ್ತಿದ್ದ.

ಅವನ ಪಕ್ಕದಲ್ಲಿ ಅಕ್ಕ ಫೇಬಿ ನಿಂತಿದ್ದಳು. ಅವಳ ತೋಳುಗಳಲ್ಲಿ ಒಂದು ದೊಡ್ಡ ಕುಂಬಳಕಾಯಿ. ಭಾರಕ್ಕೆ ಅದನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು.

"ಇದನ್ನ ಎಲ್ಲಿ ಇಡ್ಲಿ, ಪಪ್ಪಾ?"

ಪಪ್ಪಾ ಡಿಕ್ಕಿಯ ಬಾಗಿಲು ಎತ್ತಿದ. ಕೊನೆಯ ಸೀಟಿಗೂ ಬಾಗಿಲಿಗೂ ನಡುವೆ ಒಂದು ಗೇಣು ಜಾಗ. ಅದರಲ್ಲಿ ಒಂದು ಛತ್ರಿ, ಒಂದು ನೀರಿನ ಬಾಟಲಿ. ಮುಗಿಯಿತು.

ಶೋರೂಮಿನಲ್ಲಿ ಹೀಗಿರಲಿಲ್ಲ. ಅಲ್ಲಿಯ ಹುಡುಗ ಕೊನೆಯ ಸೀಟುಗಳನ್ನು ಮಡಚಿ, "ನೋಡ್ರಿ ಸರ್, ಎಷ್ಟ್ ಬೇಕಾದ್ರೂ ಸಾಮಾನು ಹಾಕ್ರಿ" ಅಂದಿದ್ದ. ಆಮೇಲೆ ಅವೇ ಸೀಟುಗಳನ್ನು ಎತ್ತಿ, "ನೋಡ್ರಿ ಸರ್, ಏಳು ಮಂದಿ ಆರಾಮ್ ಕೂಡ್ರಬಹುದು" ಅಂದಿದ್ದ. ಎರಡನ್ನೂ ಒಂದೇ ಸಲ ಮಾಡಿ ತೋರಿಸು ಎಂದು ಯಾರೂ ಕೇಳಿರಲಿಲ್ಲ. ಇಷ್ಟು ಕಡಿಮೆ ಬೆಲೆಗೆ ಇಷ್ಟು ದೊಡ್ಡ ಗಾಡಿ ಎಂಬ ಖುಷಿಯಲ್ಲಿ ಎಲ್ಲರೂ ಮುಳುಗಿದ್ದರು. ನಿನ್ನೆ ಸಭಾಪಾಲಕರು ಬಂದು ಗಾಡಿಗೆ ಪ್ರಾರ್ಥನೆ ಮಾಡಿದಾಗ ಏಳೂ ಮಂದಿ ಕೂತು ಫೋಟೋ ತೆಗೆಸಿಕೊಂಡಿದ್ದರು. ಕುಂಬಳಕಾಯಿ ಮಾತ್ರ ಹಿತ್ತಲಲ್ಲೇ ಇತ್ತು.

ಇವತ್ತು ಚರ್ಚಿನಲ್ಲಿ ಸುಗ್ಗಿ ಹಬ್ಬ. ಬೆಳೆದವರು ತಮ್ಮ ಮೊದಲ ಫಲವನ್ನು ತಂದು ದೇವರ ಮುಂದೆ ಇಡುತ್ತಾರೆ. ಜೋಳದ ತೆನೆ, ಬಾಳೆಗೊನೆ, ಮೊಟ್ಟೆ, ಕೋಳಿ. ಹೊಲವಿಲ್ಲದ ಫೇಬಿಯ ಮನೆಯವರು ಪ್ರತಿ ವರ್ಷ ಪೇಟೆಯಲ್ಲಿ ಕೊಂಡದ್ದನ್ನು ಇಡುತ್ತಿದ್ದರು. ಈ ವರ್ಷ ಫೇಬಿ ಹಿತ್ತಲಲ್ಲಿ ಬೀಜ ಊರಿದ್ದಳು. ದಿನಾ ಶಾಲೆಗೆ ಹೋಗುವ ಮೊದಲು ಅಕ್ಕಿ ತೊಳೆದ ನೀರು ಹಾಕಿದ್ದಳು. ಬಳ್ಳಿ ಬಿಟ್ಟದ್ದು ಇದೊಂದೇ ಕಾಯಿ.

"ತೊಡಿ ಮ್ಯಾಲ ಇಟ್ಕೋ" ಅಂದಳು ಮಮ್ಮಿ.

ಫೇಬಿ ಹಿಂದಿನ ಸೀಟಿಗೆ ಹತ್ತಿ ನೋಡಿದಳು. ಮೊಣಕಾಲು ಗದ್ದಕ್ಕೆ ಬಂದಿತು. "ತೊಡಿ ಎಲ್ಲೈತಿ ಮಮ್ಮಿ? ಇಲ್ಲಿ ಬರೇ ಮೊಣಕಾಲ!"

ನೋಯೆಲ್ ಕಿಸಕ್ಕನೆ ನಕ್ಕ. ನಡುವಿನ ಸೀಟಿನಲ್ಲಿ ಜೋಶುವಾ ಕಾಕಾ, ಕಾಕಿ ಆಗಲೇ ಕೂತಿದ್ದರು. ಕಾಕಿ ತನ್ನ ರೇಷ್ಮೆ ಸೀರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮಣ್ಣು ಹತ್ತೈತಿ ಅದಕ್ಕ. ಹೊಸಾ ಸೀಟು" ಎಂದ ಪಪ್ಪಾ. "ಇಲ್ಲೇ ಬಿಡು. ಚರ್ಚ್ ಮುಂದ ಒಂದು ತೆಂಗಿನಕಾಯಿ ತಗೊಂಡು ಇಡೋಣಂತ."

ಫೇಬಿ ಕೆಳಗೆ ಹಾರಿದಳು. "ನೀ ಮಾತು ಕೊಟ್ಟಿದ್ದಿ! ಹೊಸಾ ಗಾಡ್ಯಾಗ ಮೊದ್ಲು ನಿನ್ನ ಕುಂಬಳಕಾಯಿ ಅಂದಿದ್ದಿ! ಏಳು ಸೀಟಂತ, ದೊಡ್ಡ ಗಾಡ್ಯಂತ! ಸುಳ್ಳು ಗಾಡಿ ಇದು!"

"ಫೇಬಿ! ದನಿ ಸಣ್ಣ ಮಾಡು!" ಪಪ್ಪಾನ ಮುಖ ಕೆಂಪಾಯಿತು.

ಆಗಲೇ ಮಂಜಿನಲ್ಲಿ ಎರಡು ಸಲ ಹಾರ್ನ್ ಕೇಳಿತು. ಪೀಂ, ಪೀಂ.

ಎಲ್ಲರೂ ರಸ್ತೆಯ ಕಡೆ ತಿರುಗಿದರು.

ಆರು ವರ್ಷದಿಂದ ಪ್ರತಿ ರವಿವಾರ ಎಂಟೂಕಾಲಿಗೆ ಆ ಹಾರ್ನ್ ಕೇಳುತ್ತಿತ್ತು. ಬೈರಿದೇವರಕೊಪ್ಪದ ಖಾದರಬಾಷಾನ ಆಟೋ. ಅಜ್ಜಿ, ಮಮ್ಮಿ, ಕಾಕಿ, ಫೇಬಿ ಅದರಲ್ಲಿ ಚರ್ಚಿಗೆ ಹೋಗುತ್ತಿದ್ದರು. ಕಾಕಾ, ನೋಯೆಲ್ ಒಂದು ಬೈಕಿನಲ್ಲಿ. ಪಪ್ಪಾ ಮನೆಗೆ ಬೀಗ ಹಾಕಿ, ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತಿದ್ದ.

"ಖಾದರಗ ಹೇಳಿಲ್ಲೇನ್ರಿ?" ಮಮ್ಮಿ ಪಿಸುಗುಟ್ಟಿದಳು.

"ನೀ ಹೇಳಿರ್ತಿ ಅನ್ಕೊಂಡಿದ್ನಿ."

ಖಾದರ್ ಚಾಚಾ ಇಳಿದ. ಹಬ್ಬವೆಂದು ಆಟೋಗೆ ಚೆಂಡುಹೂವಿನ ಸರ ಕಟ್ಟಿದ್ದ. ಹೊಸ ಗಾಡಿಯನ್ನು ನೋಡಿದ. ಅದರೊಳಗೆ ಕೂತವರನ್ನು ನೋಡಿದ.

"ಹೊಸಾ ಗಾಡ್ಯೇನ್ರಿ ಅಣ್ಣಾರ? ಛಲೋ ಆತ್ರಿ" ಎಂದ.

ಪಪ್ಪಾ ಬೀಗದ ಕೈಯನ್ನು ಸುಮ್ಮನೆ ತಿರುಗಿಸುತ್ತ ನಿಂತ.

"ನಾ ಆಟೋದಾಗ ಹೋಗ್ತೇನಿ" ಎಂದಳು ಫೇಬಿ.

"ಏನಂದಿ? ಹೊಸಾ ಗಾಡಿ ಮೊದಲ್ನೇ ದಿನ..."

"ಹೋಗ್ಲಿ ಬಿಡೋ ಮೋಸೆಸ್" ಮುಂದಿನ ಸೀಟಿನಿಂದ ರೂತ್ ಅಜ್ಜಿ ಅಂದಳು. "ಆಕಿಗೆ ದೇವರಿಗೆ ಕೊಡೂದೈತಿ. ನಿನಗ ಸೀಟಿನ ಚಿಂತಿ."

ಆಟೋದ ಸೀಟಿನಲ್ಲಿ ಅಜ್ಜಿಯ ನೀಲಿ ದಿಂಬು ಇತ್ತು. ಮೊಣಕಾಲು ನೋವಿಗೆಂದು ಅಜ್ಜಿಯೇ ಹೊಲಿದದ್ದು. ವಾರವಿಡೀ ಅದು ಚಾಚಾನ ಬಳಿಯೇ ಇರುತ್ತಿತ್ತು. ಫೇಬಿ ಕುಂಬಳಕಾಯಿಯನ್ನು ಅದರ ಮೇಲೆ ಕೂಡಿಸಿ, ಉರುಳದಂತೆ ತಬ್ಬಿಕೊಂಡಳು.

ಸ್ವಲ್ಪ ದೂರ ಹೋದ ಮೇಲೆ ಚಾಚಾ ಕೇಳಿದ, "ಸಿಟ್ಟು ಬಂದೈತೇನ್ ಬೇಟಿ?"

"ಹ್ಞೂಂ. ನಿಮಗ ಬಂದಿಲ್ಲೇನು?"

ಬೈರಿದೇವರಕೊಪ್ಪದ ತಿರುವಿನಲ್ಲಿ ಚಾಚಾ ಆಟೋ ನಿಧಾನ ಮಾಡಿದ.

"ಬಂದಿತ್ತು. ಒಂದು ಫೋನ್ ಮಾಡಿದ್ರ ಆಗ್ತಿತ್ತು. ಬೆಳಿಗ್ಗಿ ಐದಕ್ಕೆದ್ದು ಆಟೋ ತೊಳದೇನಿ." ಅವನ ದನಿ ಒರಟಾಗಿತ್ತು. ಆಮೇಲೆ ಇಳಿಯಿತು. "ಆದ್ರ ನಿಮ್ಮಜ್ಜೀನ ನೋಡಿದ್ನಿ. ಹೊಸಾ ಗಾಡ್ಯಾಗ ಮುಂದ್ ನೋಡ್ಕೋತ ಕುಂತಿದ್ರು."

"ಅಂದ್ರ?"

"ನೀ ಹಾಡ್ಕೋತ ಕುಂತಿರ್ತಿದ್ದಿ, ನಿನಗ ಗೊತ್ತಿಲ್ಲ. ಆರು ವರ್ಷ ಅವರು ಮುಂದ್ ನೋಡೇ ಇಲ್ಲ. ನಿಮ್ಮ ಪಪ್ಪಾನ ಬೈಕ್ ಬರಾಕತ್ತೈತೋ ಇಲ್ಲೋ ಅಂತ, ಕುತ್ತಿಗಿ ತಿರುವಿ, ಹಿಂದಿನ ಆ ಸಣ್ಣ ಕಿಡಕ್ಯಾಗ ನೋಡ್ಕೋತನ ಬರ್ತಿದ್ರು. ಹೋದ ಮಳಿಗಾಲ ಇಲ್ಲೇ ಅಲ್ಲೇನ್ ನಿಮ್ಮ ಪಪ್ಪಾ ಬೈಕ್ ಜಾರಿ ಬಿದ್ದಿದ್ದು?"

ಫೇಬಿಗೆ ನೆನಪಾಯಿತು. ಪಪ್ಪಾನ ಕೈಗೆ ಪ್ಲಾಸ್ಟರ್. ಅದರ ಮೇಲೆ ಅವಳೇ ಸ್ಕೆಚ್ ಪೆನ್ನಿನಿಂದ ಹೂವು ಬರೆದಿದ್ದಳು. ಗಾಡಿ ತಗೊಳ್ಳುವ ಮಾತು ಮನೆಯಲ್ಲಿ ಶುರುವಾದದ್ದು ಆ ಪ್ಲಾಸ್ಟರ್ ಬಿಚ್ಚಿದ ದಿನವೇ.

ಅವಳು ತಿರುಗಿ ಆ ಸಣ್ಣ ಕಿಟಕಿಯಲ್ಲಿ ನೋಡಿದಳು. ಮಂಜಿನಲ್ಲಿ ಎರಡು ಲೈಟು ಹಿಂದೆಯೇ ಬರುತ್ತಿದ್ದವು. ಗಾಡಿ ಹತ್ತಿರ ಬಂದಾಗ ಗಾಜಿನ ಹಿಂದೆ ಅಜ್ಜಿ, ಪಕ್ಕದಲ್ಲಿ ಪಪ್ಪಾ ಕಂಡರು. ಅಜ್ಜಿಯ ಕಣ್ಣು ಮುಚ್ಚಿದ್ದವು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಚರ್ಚಿನಲ್ಲಿ ಫೇಬಿ ಕುಂಬಳಕಾಯಿಯ ಮಣ್ಣನ್ನು ತನ್ನ ಫ್ರಾಕಿನಿಂದ ಒರೆಸಿ, ಜೋಳದ ತೆನೆಗಳ ಪಕ್ಕದಲ್ಲಿ ಇಟ್ಟಳು. ಒಂದು ಕೋಳಿ ಅದನ್ನು ಕುಕ್ಕಲು ಬಂದಿತು. ಫೇಬಿ ಅದನ್ನು ಕೆಕ್ಕರಿಸಿ ನೋಡಿದಳು. ಕೋಳಿ ಸರಿಯಿತು.

ಆರಾಧನೆ ಮುಗಿದಾಗ ಬಿಸಿಲು ಬಂದಿತ್ತು. ಬೇವಿನ ಮರದ ಕೆಳಗೆ ಚಾಚಾ ಎಂದಿನಂತೆ ಕಾಯುತ್ತಿದ್ದ. ಮನೆಯವರೆಲ್ಲ ಗಾಡಿ ಹತ್ತಿದರು. ಫೇಬಿ ಯಾರೂ ಹೇಳದೆಯೇ ಹಿಂದಿನ ಸೀಟಿಗೆ ಹೋದಳು. ಅಲ್ಲಿಗೆ ಎ.ಸಿ. ಗಾಳಿ ಬರುತ್ತಿರಲಿಲ್ಲ. ಚಾಚಾನನ್ನು ಕರೆಯಬೇಕೆಂದು ಗಾಜು ಇಳಿಸುವ ಬಟನ್ ಹುಡುಕಿದಳು. ಬಟನ್ ಇರಲಿಲ್ಲ. ಆ ಗಾಜು ತೆರೆಯುವಂಥದ್ದೇ ಅಲ್ಲ.

ಪಪ್ಪಾ ಗಾಡಿ ಚಾಲೂ ಮಾಡಿದ.

"ಪಪ್ಪಾ" ಎಂದಳು ಫೇಬಿ. ಈ ಸಲ ದನಿ ಸಣ್ಣದಾಗಿತ್ತು. "ಚಾಚಾಗ ನೀ ಇನ್ನೂ ಹೇಳಿಲ್ಲ."

ಕನ್ನಡಿಯಲ್ಲಿ ಪಪ್ಪಾನ ಕಣ್ಣು ಅವಳನ್ನು ನೋಡಿದವು. ಗಾಡಿ ಬಂದ್ ಆಯಿತು. ಪಪ್ಪಾ ಇಳಿದು ಬೇವಿನ ಮರದ ಕಡೆ ನಡೆದ.

ಗಾಜಿನೊಳಗಿಂದ ಫೇಬಿಗೆ ಮಾತು ಕೇಳಲಿಲ್ಲ. ಪಪ್ಪಾ ತಲೆ ತಗ್ಗಿಸಿ ಏನೋ ಹೇಳಿದ. ಚಾಚಾ ಕೈ ಅಲ್ಲಾಡಿಸಿದ. ಮತ್ತೆ ಪಪ್ಪಾನೇ ಹೇಳಿದ.

ಬರುವ ರವಿವಾರ ಎಂಟೂಕಾಲಿಗೆ ಹಾರ್ನ್ ಕೇಳುವುದಿಲ್ಲ ಎಂದು ಫೇಬಿಗೆ ಗೊತ್ತಾಯಿತು. ಅವಳು ಗಾಜಿಗೆ ಅಂಗೈ ಒತ್ತಿದಳು.

ಚಾಚಾ ಆಟೋದೊಳಗೆ ಬಗ್ಗಿದ. ನೀಲಿ ದಿಂಬನ್ನು ತೆಗೆದು, ಅದಕ್ಕೆ ಹತ್ತಿದ್ದ ಕುಂಬಳಕಾಯಿಯ ಮಣ್ಣನ್ನು ಝಾಡಿಸಿದ. ಎರಡೂ ಕೈಯಿಂದ ಅದನ್ನು ಪಪ್ಪಾನಿಗೆ ಕೊಟ್ಟ. ಪಪ್ಪಾ ಎರಡೂ ಕೈ ಚಾಚಿ ತೆಗೆದುಕೊಂಡ.